ಕೈತೋಟದ ಮಣ್ಣಲ್ಲಿ ಸೀಸ, ಕ್ಯಾಡ್ಮಿಯಂ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಳದಲ್ಲಿ, ತಾರಸಿಯಲ್ಲಿ, ಖಾಲಿ ಸೈಟಿನಲ್ಲಿ ಸೊಪ್ಪು ತರಕಾರಿ ಬೆಳೆಯುವವರಿಗಾಗಿ ಈ ಪುಟ. ಪ್ರಶ್ನೆಗಳು ಬಂದ ಹಾಗೇ ಇವೆ. ಉತ್ತರ ಕೆಲವಕ್ಕೆ ಉದ್ದ, ಕೆಲವಕ್ಕೆ ಎರಡೇ ಸಾಲು.

ನಮ್ಮ ಮನೆ ಸುತ್ತಮುತ್ತ ಕಾರ್ಖಾನೆಯೇ ಇಲ್ಲ. ಮಣ್ಣಿಗೆ ಸೀಸ ಬರುವುದಾದರೂ ಎಲ್ಲಿಂದ?

ಹೆಚ್ಚಿನ ಮನೆಗಳಲ್ಲಿ ಸ್ವಂತ ಕಿಟಕಿ, ಗೇಟುಗಳಿಂದಲೇ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮುಂಚೆ ಬಳಿದ ಎನಾಮಲ್ ಬಣ್ಣ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು ಬಣ್ಣ ಇದ್ದರೆ ಸೀಸ ಇದೆಯೆಂದೇ ಹಿಡಿಯಿರಿ. ಹಳೇ ಕಿಟಕಿಯ ಸರಳನ್ನು ಉಗುರಿನಿಂದ ಕೆರೆದು ನೋಡಿ: ಮೇಲೆ ಬಿಳಿ, ಅದರಡಿ ನೀಲಿ, ಅದರಡಿ ಹಸಿರು, ತಳದಲ್ಲಿ ಪ್ರೈಮರ್. ಒಂದೊಂದು ಹಬ್ಬಕ್ಕೆ ಒಂದೊಂದು ಪದರ. ಬಿಸಿಲಿಗೆ ಎದ್ದ ಈ ಹೊಪ್ಪಳೆಗಳು ಉದುರಿ ಬೀಳುವುದು ಕಿಟಕಿ ಕೆಳಗಿನ ಪಾತಿಗೆ, ಅಂದರೆ ಕೊತ್ತಂಬರಿ ಚೆಲ್ಲಿರುವ ಜಾಗಕ್ಕೇ.

ಎರಡನೆಯದು ರಸ್ತೆ. ಸೀಸ ಬೆರೆಸಿದ ಪೆಟ್ರೋಲು ದೇಶದಾದ್ಯಂತ ನಿಂತದ್ದು 2000ನೇ ಇಸವಿಯಲ್ಲಿ. ಹೊಗೆ ನಿಂತರೂ ಅದು ಬಿಟ್ಟುಹೋದ ಸೀಸ ಮೇಲ್ಮಣ್ಣಿನಲ್ಲೇ ಕೂತಿರುತ್ತದೆ, ಏಕೆಂದರೆ ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಳೆಗೆ ಸುಲಭವಾಗಿ ಕೆಳಗಿಳಿಯುವುದೂ ಇಲ್ಲ. ದಶಕಗಳಿಂದ ವಾಹನ ದಟ್ಟಣೆ ಇರುವ ರಸ್ತೆಯ ಅಂಚಿನಲ್ಲಿ ಇದು ಹೆಚ್ಚು. ರಸ್ತೆಯಿಂದ ಮೂವತ್ತು ಮೀಟರ್ ಒಳಗೆ ಹೋಗುವಷ್ಟರಲ್ಲಿ ತುಂಬ ಇಳಿದಿರುತ್ತದೆ.

ಮೂರನೆಯದು ಆ ಜಾಗದ ಪೂರ್ವಕಥೆ. ಈಗಿನ ಸೈಟು ಹಿಂದೆ ಬ್ಯಾಟರಿ ರಿಪೇರಿ ಅಂಗಡಿ, ಗ್ಯಾರೇಜು, ಗುಜರಿ ದಾಸ್ತಾನು ಅಥವಾ ಲೋಹಕ್ಕೆ ಲೇಪನ ಕೊಡುವ ಪ್ಲೇಟಿಂಗ್ ಶೆಡ್ ಆಗಿತ್ತೇ? ಇದನ್ನು ಪ್ರಯೋಗಾಲಯಕ್ಕಿಂತ ಮೊದಲು ಹೇಳಬಲ್ಲವರು ಬೀದಿಯ ಹಳಬರು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿದ್ದರೆ ಸೀಸದ ಜೊತೆ ಕ್ರೋಮಿಯಂ, ನಿಕ್ಕಲ್ ಪರೀಕ್ಷೆಯನ್ನೂ ಸೇರಿಸಿ.

ನಮ್ಮದು ರೆಡ್ ಆಕ್ಸೈಡ್ ನೆಲದ ಹಳೇ ಮನೆ. ಅದೂ ಅಪಾಯವೇ?

ಅಲ್ಲ. ರೆಡ್ ಆಕ್ಸೈಡ್ ಅಂದರೆ ಕಬ್ಬಿಣದ ಆಕ್ಸೈಡ್. ನಿಶ್ಚಿಂತೆಯಿಂದ ಸಾರಿಸಿ, ಕೂತು ಊಟ ಮಾಡಿ. ಹಳೇ ಕಬ್ಬಿಣದ ಗೇಟಿಗೆ, ತೊಲೆಗೆ ಬಳಿಯುತ್ತಿದ್ದ ರೆಡ್ ಲೆಡ್ ಪ್ರೈಮರ್ ಬೇರೆ. ಅದು ಸೀಸದ ಆಕ್ಸೈಡ್. ಎರಡೂ ಕೆಂಪಗಿರುವುದರಿಂದ ಗೊಂದಲವಾಗುತ್ತದೆ.

ಗಿಡ ಸೀಸವನ್ನು ಬೇರಿನಿಂದ ಹೀರಿಕೊಂಡು ಎಲೆಗೆ ತುಂಬುತ್ತದೆಯೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಎಲ್ಲರೂ ತಪ್ಪು ತಿಳಿದಿರುವುದೂ ಇದನ್ನೇ. ಸೀಸ ಮಣ್ಣಿನ ಕಣಕ್ಕೆ, ಸಾವಯವ ಅಂಶಕ್ಕೆ, ರಂಜಕಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗಿಡ ಅಲ್ಪಸ್ವಲ್ಪ ಹೀರಿದರೂ ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ, ಕಾಯಿಗಂತೂ ಬರುವುದು ತೀರಾ ಕಡಿಮೆ. ನಿಮ್ಮ ತಟ್ಟೆಗೆ ಬರುವ ಸೀಸದ ದೊಡ್ಡ ಪಾಲು ಎಲೆಗೆ ಮೆತ್ತಿದ ಮಣ್ಣು ಮತ್ತು ಧೂಳಿನದು.

ಒಂದು ಲೆಕ್ಕ ಹಾಕೋಣ. ಪಾತಿಯ ಮಣ್ಣಲ್ಲಿ 300 ಪಿಪಿಎಂ ಸೀಸ ಇದೆ, ಅಂದರೆ ಒಂದು ಗ್ರಾಂ ಮಣ್ಣಲ್ಲಿ 300 ಮೈಕ್ರೋಗ್ರಾಂ. ಜಡಿಮಳೆಗೆ ಮಣ್ಣು ಸಿಡಿದು, ನೂರು ಗ್ರಾಂ ಪಾಲಕ್ ಸೊಪ್ಪಿನ ಮೇಲೆ ಬರೀ ಒಂದು ಗ್ರಾಂ ಉಳಿದರೂ ಆ ಸೊಪ್ಪು ಕಿಲೋಗೆ 3 ಮಿಲಿಗ್ರಾಂ ಲೆಕ್ಕಕ್ಕೆ ಬಂತು. ಸೊಪ್ಪಿಗೆ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗೆ 0.3 ಮಿಲಿಗ್ರಾಂ. ಹತ್ತುಪಟ್ಟಾಯಿತು, ಬೇರು ಏನನ್ನೂ ಹೀರದೆಯೇ.

ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಇದಕ್ಕೆ ತದ್ವಿರುದ್ಧ. ಅದು ಬೇರಿನಿಂದ ಎಲೆಗೆ ಸಲೀಸಾಗಿ ಏರುತ್ತದೆ. ಮಣ್ಣು ಹುಳಿಯಿದ್ದರೆ, ನೀರಿನಲ್ಲಿ ಉಪ್ಪಿನ ಅಂಶ ಜಾಸ್ತಿಯಿದ್ದರೆ, ಸತುವಿನ ಕೊರತೆಯಿದ್ದರೆ ಇನ್ನಷ್ಟು. ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ಹಾಗಾಗಿ ಸೀಸ ಇದ್ದರೆ ಮಣ್ಣು ಮುಚ್ಚುವುದು, ಸೊಪ್ಪು ತೊಳೆಯುವುದು ಮುಖ್ಯ. ಕ್ಯಾಡ್ಮಿಯಂ ಇದ್ದರೆ ಬೆಳೆಯನ್ನೇ ಬದಲಿಸಬೇಕು.

ಹಾಗಾದರೆ ಅನುಮಾನ ಇರುವ ಮಣ್ಣಿನಲ್ಲಿ ಏನು ಬೆಳೆಯಬಹುದು?

ಟೊಮೇಟೊ, ಬದನೆ, ಬೆಂಡೆ, ಹೀರೆ, ಪಡವಲ, ಸೀಮೆಬದನೆ, ಹುರುಳಿಕಾಯಿ, ಚಪ್ಪರದವರೆ. ನೆಲದಿಂದ ಮೇಲೆ ತೂಗುವ ಕಾಯಿಗೆ ಮಣ್ಣು ಸಿಡಿಯುವುದು ಕಡಿಮೆ, ಸಿಡಿದರೂ ನುಣುಪು ಸಿಪ್ಪೆ ಒಂದೇ ತೊಳೆತಕ್ಕೆ ಶುದ್ಧ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ಬೇಡ, ಅವು ಮಣ್ಣಿನೊಳಗೇ ಕೂತಿರುತ್ತವೆ. ಪಾಲಕ್, ದಂಟು, ಮೆಂತ್ಯ, ಕೊತ್ತಂಬರಿ, ಪುದೀನ ಇವನ್ನು ಶುದ್ಧ ಮಣ್ಣು ತುಂಬಿದ ಗ್ರೋ ಬ್ಯಾಗಿಗೆ ವರ್ಗಾಯಿಸಿ. ತೆಂಗು, ಮಾವು, ನುಗ್ಗೆಕಾಯಿಗೆ ತಲೆಬಿಸಿ ಬೇಡ. ರಸ್ತೆ ಪಕ್ಕದ ನುಗ್ಗೆ ಸೊಪ್ಪಿನ ಮಾತು ಬೇರೆ, ಅದರ ಮೇಲೆ ಧೂಳು ಕೂರುತ್ತದೆ.

ಮಣ್ಣು ಪರೀಕ್ಷೆ ಮಾಡಿಸಿದ್ದೇವೆ, ಎಲ್ಲಾ ಸರಿ ಇದೆ ಅಂದರು. ಸಾಕಲ್ಲವೇ?

ಕಾರ್ಡಿನಲ್ಲಿ ಏನೇನಿದೆ ಎಂದು ಮೊದಲು ನೋಡಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿರುವುದು ಹನ್ನೆರಡು ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಸೀಸ, ಕ್ಯಾಡ್ಮಿಯಂ ಈ ಪಟ್ಟಿಯಲ್ಲೇ ಇಲ್ಲ. ಬೆಳೆಗೆ ಬೇಕಾದ್ದು ಸರಿ ಇದೆ ಎಂದಷ್ಟೇ ಅದು ಹೇಳುತ್ತದೆ.

ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ "ಮಣ್ಣಿನಲ್ಲಿರುವ ಒಟ್ಟು ಸೀಸ, ಕ್ಯಾಡ್ಮಿಯಂ" ಎಂದು ಸ್ಪಷ್ಟವಾಗಿ ಹೇಳಿ ಕೊಡಿ. ಆ ಪ್ರಯೋಗಾಲಯದ ಮಾನ್ಯತೆ ಮಣ್ಣಿಗೂ ಇದೆಯೇ, ಬರೀ ನೀರಿಗೋ ಎಂದು ಕೇಳಿಕೊಳ್ಳಿ. ಆಮ್ಲದಲ್ಲಿ ಮಣ್ಣನ್ನು ಕರಗಿಸಿ ಐಸಿಪಿ ಅಥವಾ ಎಎಎಸ್ ಯಂತ್ರದಲ್ಲಿ ಅಳೆಯುತ್ತಾರೆ. ಕೈಯಲ್ಲಿ ಹಿಡಿದು ಎಕ್ಸ್-ರೇ ಬಿಟ್ಟು ಅಳೆಯುವ ಎಕ್ಸ್‌ಆರ್‌ಎಫ್ ಬಂದೂಕು ಸೀಸವನ್ನು ನಿಮಿಷದಲ್ಲಿ ತೋರಿಸುತ್ತದೆ. ಆದರೆ ಕಡಿಮೆ ಮಟ್ಟದ ಕ್ಯಾಡ್ಮಿಯಂ ಅದಕ್ಕೆ ಕಾಣುವುದಿಲ್ಲ.

ಮಾದರಿ ತೆಗೆಯುವುದು ಹೇಗೆ?

ಫಲಿತಾಂಶ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಒಂದೇ ಕಡೆ ಬೊಗಸೆ ಮಣ್ಣು ತೆಗೆದು ಕಳಿಸಿದರೆ, ಅಲ್ಲಿ ಬಣ್ಣದ ಒಂದು ಚೂರು ಬಿದ್ದಿದ್ದರೆ ಅಂಕಿ ಗಗನಕ್ಕೆ, ಇಲ್ಲದಿದ್ದರೆ ಸೊನ್ನೆ ಹತ್ತಿರಕ್ಕೆ.

ತರಕಾರಿ ಪಾತಿಯಾದರೆ ಹತ್ತು ಹನ್ನೆರಡು ಕಡೆ, ಅಡ್ಡಾದಿಡ್ಡಿಯಾಗಿ, ಮೇಲಿನ ಕಸ ಸರಿಸಿ, 15 ಸೆಂಟಿಮೀಟರ್ ಆಳದ ತನಕ ಒಂದೇ ದಪ್ಪದ ಹೋಳು ತೆಗೆಯಿರಿ. ಸ್ಟೀಲ್ ಅಥವಾ ಪ್ಲಾಸ್ಟಿಕ್ ಕರಣೆ ಇರಲಿ. ಬಣ್ಣ ಬಳಿದ, ಜಿಂಕ್ ಲೇಪನದ ಸಲಕರಣೆ ಬೇಡ. ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚೆನ್ನಾಗಿ ಬೆರೆಸಿ, ಶುಭ್ರ ಹಾಳೆಯ ಮೇಲೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಕಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ, ಹೊಸ ಪ್ಲಾಸ್ಟಿಕ್ ಕವರಿಗೆ ತುಂಬಿ, ಜಾಗ, ಆಳ, ದಿನಾಂಕ ಬರೆಯಿರಿ.

ಗೋಡೆಯಿಂದ ಒಂದೂವರೆ ಮೀಟರ್ ಒಳಗಿನ ಪಟ್ಟಿ, ಸೂರಿನ ನೀರು ಬೀಳುವ ಸಾಲು, ರಸ್ತೆ ಬದಿ ಇವನ್ನು ಮಧ್ಯದ ಪಾತಿಯ ಜೊತೆ ಬೆರೆಸಬೇಡಿ. ಬೇರೆ ಕವರು, ಬೇರೆ ಪರೀಕ್ಷೆ. ಮಕ್ಕಳು ಆಡುವ ಜಾಗದಲ್ಲಿ ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ತೆಗೆಯಿರಿ, ಕೈಗೆ ಮೆತ್ತುವುದು ಅದೇ.

ವರದಿಯಲ್ಲಿ ಸೀಸ 180 ಅಂತ ಬಂದಿದೆ. ಗಾಬರಿ ಆಗಬೇಕೇ?

ಕಿಲೋಗೆ ಮಿಲಿಗ್ರಾಂ ಅಂದರೂ ಪಿಪಿಎಂ ಅಂದರೂ ಒಂದೇ. ಮಲಿನವಾಗದ ಮಣ್ಣಿನಲ್ಲೂ ಸಾಮಾನ್ಯವಾಗಿ 10ರಿಂದ 50ರಷ್ಟು ಸೀಸ ಇರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಬಹುಕಾಲ ವಸತಿ ಜಾಗಕ್ಕೆ 400 ಎಂಬ ಗೆರೆ ಇಟ್ಟುಕೊಂಡಿತ್ತು, 2024ರಲ್ಲಿ ಅದನ್ನು 200ಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾ ರಾಜ್ಯದ ಗೆರೆ ಇನ್ನೂ ಕೆಳಗೆ, 80.

ನಮ್ಮ ಸಲಹೆ: ನೂರರೊಳಗಿದ್ದರೆ ತೊಳೆದು ತಿನ್ನಿ, ತೋಟ ಮುಂದುವರಿಸಿ. ನೂರರಿಂದ ಇನ್ನೂರಾದರೆ ಗೊಬ್ಬರ, ಒಣ ಎಲೆಯ ಮುಚ್ಚಿಗೆ ಹಾಕಿ ಕಾಯಿ ತರಕಾರಿ ಬೆಳೆಯಿರಿ. ನಿಮ್ಮ 180 ಇಲ್ಲಿಗೆ ಬರುತ್ತದೆ. ಗಾಬರಿ ಬೇಡ, ಆದರೆ ಸೊಪ್ಪು, ಗೆಡ್ಡೆ ಬೇಡ, ಪುಟ್ಟ ಮಕ್ಕಳನ್ನು ಆ ಮಣ್ಣಿಗೆ ಬಿಡಬೇಡಿ. ಇನ್ನೂರು ದಾಟಿದರೆ ಆ ಮಣ್ಣಿನಲ್ಲಿ ತಿನ್ನುವುದನ್ನು ಬೆಳೆಯದೆ ಎತ್ತರದ ಮಡಿ ಮಾಡಿ. ನಾನೂರು ದಾಟಿದರೆ ಹುಲ್ಲೋ ಕಲ್ಲುಹಾಸೋ ಹಾಕಿ ಮಣ್ಣೇ ಕಾಣದಂತೆ ಮುಚ್ಚಿಬಿಡಿ.

ವರದಿಯಲ್ಲಿ "ಡಿಟಿಪಿಎ" ಎಂಬ ಪದ ಇದ್ದರೆ ಅದು ಗಿಡಕ್ಕೆ ಸಿಗಬಹುದಾದ ಅಂಶ ಮಾತ್ರ. ಅದನ್ನು ಈ ಗೆರೆಗಳ ಜೊತೆ ಹೋಲಿಸಬೇಡಿ, ಮೋಸ ಹೋಗುತ್ತೀರಿ.

ಸುಣ್ಣ ಹಾಕಿದರೆ ಸರಿಹೋಗುತ್ತದಂತೆ?

ಸುಣ್ಣ ಸೀಸವನ್ನು ತೆಗೆಯುವುದಿಲ್ಲ, ಕಟ್ಟಿಹಾಕುತ್ತದೆ. ರಸಸಾರ 6.5ರಿಂದ 7ರ ಆಸುಪಾಸಿದ್ದರೆ ಸೀಸ, ಕ್ಯಾಡ್ಮಿಯಂ ಎರಡೂ ಕಡಿಮೆ ಚಲಿಸುತ್ತವೆ. ನಮ್ಮ ಕೆಂಪು ಮಣ್ಣು ಹಲವೆಡೆ ಸ್ವಲ್ಪ ಹುಳಿ, ಅಲ್ಲಿ ಸುಣ್ಣ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸು ನೀರು ಕುಡಿದ ಪಾತಿ, ಪಾಟುಗಳ ಮಣ್ಣು ಆಗಲೇ 7 ದಾಟಿರಬಹುದು. ಅದಕ್ಕೂ ಸುಣ್ಣ ಸುರಿದರೆ ಕಬ್ಬಿಣ, ಸತು ಸಿಗದೆ ಎಲೆ ಹಳದಿಯಾಗುತ್ತದೆ. ಅಳೆಯದೆ ಹಾಕಬೇಡಿ. ರಸಸಾರ 6ಕ್ಕಿಂತ ಕೆಳಗಿದ್ದರೆ ಚದರ ಮೀಟರಿಗೆ 200ರಿಂದ 250 ಗ್ರಾಂ ಕೃಷಿ ಸುಣ್ಣ ಬೆರೆಸಿ, ಎರಡು ತಿಂಗಳ ನಂತರ ಮತ್ತೆ ಅಳೆಯಿರಿ. ವೀಳ್ಯದೆಲೆಯ ಸುಣ್ಣ ಬೇಡ, ಅದರ ಖಾರಕ್ಕೆ ಬೇರು ಸುಡುತ್ತದೆ.

ಸುಣ್ಣಕ್ಕಿಂತ ಕೆಲಸ ಮಾಡುವುದು ಗೊಬ್ಬರ. ಐದು ಸೆಂಟಿಮೀಟರ್ ದಪ್ಪ ಮಾಗಿದ ಕಾಂಪೋಸ್ಟ್ ಹರಡಿ ಮೇಲಿನ 15 ಸೆಂಟಿಮೀಟರಿಗೆ ಬೆರೆಸಿದರೆ ಸೀಸ ತೆಳುವಾಗುತ್ತದೆ, ಜೊತೆಗೆ ಅಂಟಿಕೊಂಡು ಕೂರುತ್ತದೆ. ಮೇಲೆ ಒಣ ಎಲೆಯ ಮುಚ್ಚಿಗೆ ಹಾಕಿದರೆ ಮಳೆಗೆ ಮಣ್ಣು ಸಿಡಿಯುವುದಿಲ್ಲ. ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ರಂಜಕವೂ ಸೀಸವನ್ನು ಕಟ್ಟುತ್ತದೆ ನಿಜ, ಆದರೆ ಆರ್ಸೆನಿಕ್ ಇದ್ದರೆ ಅದನ್ನು ಬಿಚ್ಚಿಬಿಡುತ್ತದೆ. ರಂಜಕದ ಗೊಬ್ಬರದ ಜೊತೆ ಕ್ಯಾಡ್ಮಿಯಂ ಕೂಡ ಬರುತ್ತದೆ. ಕೈತೋಟದಲ್ಲಿ ಆ ಸಾಹಸ ಬೇಡ.

ಸೂರ್ಯಕಾಂತಿ, ಸಾಸಿವೆ ಬೆಳೆದರೆ ಮಣ್ಣು ಶುದ್ಧವಾಗುತ್ತದೆ ಎಂದು ವಿಡಿಯೋದಲ್ಲಿ ನೋಡಿದೆವು.

ಲೆಕ್ಕ ನೀವೇ ನೋಡಿ. ಒಂದು ಚದರ ಮೀಟರ್, 15 ಸೆಂಟಿಮೀಟರ್ ಆಳದ ಮಣ್ಣು ಸುಮಾರು 195 ಕಿಲೋ. 400 ಪಿಪಿಎಂ ಇದ್ದರೆ ಅದರಲ್ಲಿ 78 ಗ್ರಾಂ ಸೀಸ. ಅಷ್ಟು ಜಾಗದಲ್ಲಿ ಒಂದು ಬೆಳೆಗೆ ಒಂದು ಕಿಲೋ ಒಣ ಗಿಡ ಬಂದು, ಅದರಲ್ಲಿ ಉದಾರವಾಗಿ 50 ಪಿಪಿಎಂ ಸೀಸ ಏರಿದೆ ಅಂದುಕೊಳ್ಳಿ. ಕಿತ್ತು ಹೊರಹಾಕಿದ್ದು 50 ಮಿಲಿಗ್ರಾಂ. ಸೀಸವನ್ನು ಅರ್ಧಕ್ಕಿಳಿಸಲು 780 ಬೆಳೆ. ವರ್ಷಕ್ಕೆ ಮೂರು ಬೆಳೆದರೂ 260 ವರ್ಷ. ಕಿತ್ತ ಗಿಡವನ್ನು ಕಾಂಪೋಸ್ಟಿಗೆ ಹಾಕಿದರೆ ಅದೂ ವಾಪಸ್ಸು. ಹೂವಿನ ಚಂದಕ್ಕೆ ಬೇಕಾದರೆ ಬೆಳೆಯಿರಿ. ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ಹಿಡಿಯಲು ಲಾವಂಚ ಒಳ್ಳೆಯದು, ಅದು ಬೇರೆ ಕೆಲಸ.

ಎತ್ತರದ ಮಡಿಗೆ ಎಷ್ಟು ಮಣ್ಣು ಬೇಕು? ಎಲ್ಲಿಂದ ತರಬೇಕು?

ನಾಲ್ಕಡಿ ಅಗಲ, ಎಂಟಡಿ ಉದ್ದ, ಒಂದಡಿ ಎತ್ತರಕ್ಕೆ 32 ಘನ ಅಡಿ. ಕೆಂಪು ಮಣ್ಣು, ಕಾಂಪೋಸ್ಟ್, ಕೋಕೋಪೀಟ್ ಸಮಪಾಲು. ತಳಕ್ಕೆ ನೀರು ಇಳಿಯುವ ದಪ್ಪ ಬಟ್ಟೆಯಂಥ ಹಾಳೆ ಹಾಸಿ, ಬೇರು ಕೆಳಗಿನ ಮಣ್ಣಿಗೆ ಇಳಿಯದಿರಲಿ. ಪ್ಲಾಸ್ಟಿಕ್ ಶೀಟು ಹಾಸಿದರೆ ನೀರು ನಿಂತು ಬೇರು ಕೊಳೆಯುತ್ತದೆ. ತಾರಸಿಯ ಮೇಲೆ ಇದೇ ಮಡಿ ಮಾಡುವ ಮುನ್ನ ಎಂಜಿನಿಯರ್ ಅವರನ್ನು ಕೇಳಿ. ಒದ್ದೆಯಾದಾಗ ಭಾರ ಟನ್ನಿನ ಹತ್ತಿರ ಹೋಗುತ್ತದೆ.

ಟೆಂಪೊದಲ್ಲಿ ಬರುವ ಕೆಂಪು ಮಣ್ಣು ಎಲ್ಲಿಯದೆಂದು ಕೇಳಿ. ಬೇಸ್‌ಮೆಂಟ್‌ಗೆ ಅಗೆದ ಆಳದ ಮಣ್ಣಾದರೆ ಸತ್ವ ಕಡಿಮೆ, ಆದರೆ ಸಾಮಾನ್ಯವಾಗಿ ಲೋಹದ ಭಯವೂ ಕಡಿಮೆ. ಇಟ್ಟಿಗೆ ಚೂರು, ಗಾರೆ, ಬಣ್ಣದ ಹೊಪ್ಪಳೆ ಕಂಡರೆ ಅದು ಹಳೇ ಮನೆ ಕೆಡವಿದ ಜಾಗದ್ದು, ವಾಪಸ್ಸು ಕಳಿಸಿ. ಕೆರೆ ಗೋಡು ನಮ್ಮ ಹಿರಿಯರಿಗೆ ಚಿನ್ನದಂಥ ಗೊಬ್ಬರವಾಗಿತ್ತು. ನಗರದ ಕೊಳಚೆ, ಕಾರ್ಖಾನೆ ನೀರು ಹರಿದ ಬೆಳ್ಳಂದೂರು, ವರ್ತೂರು, ಬೈರಮಂಗಲದಂಥ ಕೆರೆಗಳ ಹೂಳಿಗೆ ಆ ಮಾತು ಈಗ ಸಲ್ಲದು. ಲೋಹ ಹೋಗಿ ಕೂರುವುದೇ ಹೂಳಿನಲ್ಲಿ.

ಗಣೇಶನನ್ನು ಬಕೆಟ್ಟಿನಲ್ಲಿ ವಿಸರ್ಜಿಸಿ ಆ ಮಣ್ಣನ್ನು ಪಾಟಿಗೆ ಹಾಕುತ್ತೇವೆ. ಸರಿಯೇ?

ಬಣ್ಣ ಬಳಿಯದ ಜೇಡಿಮಣ್ಣಿನ ಗಣಪ ಆದರೆ ಧಾರಾಳವಾಗಿ. ಬಣ್ಣದ ಗಣಪನಾದರೆ ಆ ಮಣ್ಣು ತರಕಾರಿಗೆ ಬೇಡ, ಕ್ರೋಟನ್ ಗಿಡಕ್ಕೋ ದಾಸವಾಳಕ್ಕೋ ಹಾಕಿ. ಮಿರುಗುವ ಕಿತ್ತಳೆ, ಹಳದಿ ಬಣ್ಣಗಳನ್ನು ನಂಬಲಾಗದು. ಪೂಜೆಯ ಹೂವನ್ನು ಕಾಂಪೋಸ್ಟಿಗೆ ಹಾಕುವಾಗ ಮೆತ್ತಿದ ಕುಂಕುಮವನ್ನು ಕೊಡವಿಬಿಡಿ. ಕಲಬೆರಕೆಯ ಅಗ್ಗದ ಕುಂಕುಮ, ಅರಿಶಿನದಲ್ಲಿ ಸೀಸದ ಸಂಯುಕ್ತ ಇರುವುದುಂಟು.

ಕಾಂಪೋಸ್ಟಿನಲ್ಲೇ ಲೋಹ ಇದ್ದರೆ?

ನಗರ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿ ಇದೆ: ಕಿಲೋಗೆ ಸೀಸ 100, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕಲ್ 50, ಪಾದರಸ 0.15 ಮಿಲಿಗ್ರಾಂ. ಚೀಲ ಕೊಳ್ಳುವಾಗ ಪರೀಕ್ಷಾ ವರದಿ ಕೇಳಿ. ಅಡುಗೆಮನೆಯ ಹಸಿ ಕಸದಿಂದ ನೀವೇ ಮಾಡಿದ ಗೊಬ್ಬರಕ್ಕೆ ಈ ಚಿಂತೆ ಇಲ್ಲ, ಬಣ್ಣದ ಹೊಳಪು ಕಾಗದ, ಗುಡಿಸಿದ ಧೂಳು ಹಾಕದಿದ್ದರೆ ಸಾಕು.

ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರನ್ನು ತರಕಾರಿಗೆ ಬಿಡಬಹುದೇ?

ಬರೀ ಮನೆಗಳ ನೀರಾದರೆ ಲೋಹ ದೊಡ್ಡ ಸಮಸ್ಯೆಯಲ್ಲ. ರೋಗಾಣು ಮತ್ತು ಉಪ್ಪು ಸಮಸ್ಯೆ. ಹಸಿಯಾಗಿ ತಿನ್ನುವುದಕ್ಕೆ ಬೇಡ, ಉಳಿದವಕ್ಕೆ ಬುಡಕ್ಕೆ ಮಾತ್ರ ಬಿಡಿ. ಎಸ್‌ಟಿಪಿಯ ಕೆಸರನ್ನು ಗೊಬ್ಬರವೆಂದು ಕೊಟ್ಟರೆ ಪರೀಕ್ಷೆಯಿಲ್ಲದೆ ಮುಟ್ಟಬೇಡಿ, ನೀರಿನಲ್ಲಿರುವ ಲೋಹ ಒಟ್ಟುಗೂಡುವುದು ಅಲ್ಲೇ. ರಾಜಕಾಲುವೆ ನೀರು ಬೇಡವೇ ಬೇಡ.

ಪೇಂಟ್ ಬಕೆಟ್, ಹಳೇ ಪೈಪು, ಟೈರುಗಳಲ್ಲಿ ಗಿಡ ಬೆಳೆಸಿದ್ದೇವೆ.

ಈಚಿನ ಎಮಲ್ಷನ್ ಬಣ್ಣದ ಇಪ್ಪತ್ತು ಲೀಟರ್ ಬಕೆಟ್ಟನ್ನು ಪೂರ್ತಿ ಕೆರೆದು ತೊಳೆದಿದ್ದರೆ ಆಗಬಹುದು. ಎನಾಮಲ್ ಡಬ್ಬ ಬೇಡ. ಹಳೇ ಪಿವಿಸಿ ಪೈಪಿನಲ್ಲಿ ಸೀಸದ ಸ್ಟೆಬಿಲೈಜರ್ ಇರುತ್ತಿತ್ತು, ಅದನ್ನು ತಡೆಯುವ ಕೇಂದ್ರದ ನಿಯಮ ಬಂದದ್ದು 2021ರಲ್ಲಿ. ಗುಜರಿ ಪೈಪಿನಲ್ಲಿ ಸೊಪ್ಪು ಬೆಳೆಯಬೇಡಿ. ಟೈರು ಹೂವಿಗಿರಲಿ. ಯುಪಿಎಸ್ ಬ್ಯಾಟರಿಯ ಪೆಟ್ಟಿಗೆ ಕತ್ತರಿಸಿ ಪಾಟು ಮಾಡಿದ್ದರೆ ಇವತ್ತೇ ತೆಗೆದುಬಿಡಿ.

ಸೊಪ್ಪು ತೊಳೆಯುವ ಸರಿಯಾದ ವಿಧಾನ ಯಾವುದು?

ಬುಡ ಕತ್ತರಿಸಿ, ಹೊರಗಿನ ಎಲೆ ಬಿಸಾಕಿ, ಎಲೆಎಲೆ ಬಿಡಿಸಿ ಅಗಲದ ಪಾತ್ರೆಯಲ್ಲಿ ಮುಳುಗಿಸಿ ಜಾಲಾಡಿ. ಎರಡು ನಿಮಿಷ ಬಿಡಿ. ಸೊಪ್ಪನ್ನು ಮೇಲಿಂದ ಎತ್ತಿ ಬೇರೆ ಪಾತ್ರೆಗೆ ಹಾಕಿ, ನೀರನ್ನು ಸೊಪ್ಪಿನ ಸಮೇತ ಬಗ್ಗಿಸಬೇಡಿ. ಬಗ್ಗಿಸಿದರೆ ತಳದ ಮರಳು ಮತ್ತೆ ಎಲೆಗೇ. ಪಾತ್ರೆಯ ತಳವನ್ನು ಬೆರಳಿಂದ ಒರೆಸಿ ನೋಡಿ, ಗರಗರ ಅನ್ನುವುದು ನಿಲ್ಲುವ ತನಕ ನೀರು ಬದಲಿಸಿ. ಸಾಮಾನ್ಯವಾಗಿ ಮೂರು ಸಲ. ಉಪ್ಪು, ಅರಿಶಿನ ಹಾಕುವುದರಿಂದ ಲೋಹಕ್ಕೆ ಏನೂ ಆಗದು. ಗೆಡ್ಡೆಯನ್ನು ಮೊದಲು ತೊಳೆದು ಆಮೇಲೆ ಸಿಪ್ಪೆ ಹೆರೆಯಿರಿ.

ಮಗು ಮಣ್ಣು ತಿನ್ನುತ್ತದೆ. ಏನು ಮಾಡಲಿ?

ತರಕಾರಿಗಿಂತ ಮೊದಲು ಚಿಂತಿಸಬೇಕಾದ್ದು ಇದನ್ನು. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ಹೀರಿದರೆ, ಪುಟ್ಟ ಮಕ್ಕಳದು ಅರ್ಧದಷ್ಟು ಹೀರಬಲ್ಲದು. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಜಾಸ್ತಿ, ಮಣ್ಣು ತಿನ್ನುವ ಮಗುವಿಗೆ ರಕ್ತಹೀನತೆ ಇರುವುದೂ ಸಾಮಾನ್ಯ. ಮಕ್ಕಳ ವೈದ್ಯರ ಹತ್ತಿರ ಹಿಮೋಗ್ಲೋಬಿನ್ ಜೊತೆ ರಕ್ತದ ಸೀಸದ ಪರೀಕ್ಷೆಯನ್ನೂ ಕೇಳಿ. ರಕ್ತನಾಳದಿಂದ ತೆಗೆದ ಮಾದರಿಯೇ ಆಗಲಿ, ಬೆರಳು ಚುಚ್ಚಿದರೆ ಚರ್ಮದ ಮೇಲಿನ ಧೂಳೇ ಅಂಕಿ ಏರಿಸಬಹುದು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಸುರಕ್ಷಿತ ಎಂದಲ್ಲ. ರಾಗಿ, ಹಾಲು, ಕಬ್ಬಿಣದ ಅಂಶವಿರುವ ಊಟ ಸೀಸ ಹೀರುವುದನ್ನು ತಗ್ಗಿಸುತ್ತದೆ, ಔಷಧವಲ್ಲ. ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಸಿ, ತೋಟದ ಚಪ್ಪಲಿ ಹೊಸ್ತಿಲಾಚೆ ಬಿಡಿ, ಒಳಗೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಪೇಂಟರ್ ಕಿಟಕಿಯನ್ನು ಉಜ್ಜಿ ಹೋಗಿದ್ದಾನೆ, ಪುಡಿಯೆಲ್ಲ ಪಾತಿಯ ಮೇಲಿದೆ. ಈಗ?

ಪೊರಕೆ ಮುಟ್ಟಬೇಡಿ, ಪೈಪಿನಿಂದ ನೀರನ್ನೂ ಹಾಯಿಸಬೇಡಿ. ಸ್ಪ್ರೇ ಬಾಟಲಿಯಿಂದ ಮಣ್ಣನ್ನು ತೇವ ಮಾಡಿ, ಮಾಸ್ಕ್ ಕಟ್ಟಿ, ಕಾಣುವ ಚೂರುಗಳನ್ನು ಕೈಗವಸಿನಲ್ಲಿ ಆರಿಸಿ. ಕಿಟಕಿಯಿಂದ ಎರಡು ಮೀಟರ್ ತನಕ ಮೇಲಿನ ಐದು ಸೆಂಟಿಮೀಟರ್ ಮಣ್ಣು ಕೆರೆದು ಎರಡು ಪದರದ ಚೀಲಕ್ಕೆ ತುಂಬಿ ಕಟ್ಟಿ. ಅದು ಹಸಿ ಕಸಕ್ಕಲ್ಲ, ಮನೆಯ ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ, ಬೇರೆಯಾಗಿಯೇ ಕೊಡಿ. ಆಗ ಪಾತಿಯಲ್ಲಿದ್ದ ಸೊಪ್ಪನ್ನು ತಿನ್ನಬೇಡಿ, ಕಿತ್ತು ಅದೇ ಚೀಲಕ್ಕೆ ಹಾಕಿ. ಮುಂದಿನ ಸಲ ಕೆಲಸ ಶುರುವಾಗುವ ಮುನ್ನ ನೆಲಕ್ಕೆ ಗೋಡೆಯಿಂದ ಎರಡು ಮೀಟರ್ ದಪ್ಪ ಶೀಟು ಹಾಸಿ. ಒಣ ಉಜ್ಜು ಕಾಗದವಾಗಲಿ ಬೆಂಕಿಯ ಟಾರ್ಚಾಗಲಿ ಬೇಡ, ನೀರು ಚಿಮುಕಿಸಿ ಒದ್ದೆಯಲ್ಲೇ ಕೆರೆಯಲಿ ಎಂದು ಕೂಲಿ ಮಾತಾಡುವಾಗಲೇ ಹೇಳಿಬಿಡಿ. ಅರ್ಧ ದಿನದ ಕೂಲಿ ಹೆಚ್ಚಾಗಬಹುದು, ಕೊಡಿ.